ಈಎಂಎಫ್ ಮೀಟರ್ ರಿವ್ಯೂ: ಕೆಂಪು ಲೈಟ್ ಬಿಡಿ, ನಂಬರ್ ನೋಡಿ

ಮೊದಲೇ ರೇಟಿಂಗ್ ಹೇಳ್ಬಿಡ್ತೀನಿ, ಐದಕ್ಕೆ ಮೂರು. ಒಂದು ಸ್ಟಾರ್ ಹೋಗಿದ್ದು ಇದರ ಕೆಂಪು ಲೈಟಿಂದ, ಇನ್ನೊಂದು ಹೋಗಿದ್ದು ಡಬ್ಬಿ ಒಳಗೆ ಫ್ರೀ ಅಂತ ತುರುಕಿದ್ದ ಸ್ಟಿಕ್ಕರಿಂದ. ಉಳಿದ ಮೂರು ಮಾತ್ರ ಕೊಡ್ಲೇಬೇಕು, ಯಾಕಂದ್ರೆ ಓದೋಕೆ ಬಂದ್ರೆ ಈ ಮೆಷಿನ್ ತುಂಬಾ ಕಲಿಸುತ್ತೆ, ಮಾರೋರು ನಮಗೆ ಕಲಿಸ್ಬೇಕು ಅಂದ್ಕೊಂಡಿದ್ದನ್ನಲ್ಲ ಅಷ್ಟೆ.

ಸಾಮಾನು ಏನಪ್ಪಾ ಅಂದ್ರೆ ಮೊಬೈಲ್ ಟವರ್, ವೈಫೈ, ಕರೆಂಟ್ ವೈರು ಇವುಗಳ ಸುತ್ತ ಇರೋ ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯೋ ಕೈಮೀಟರ್. ಆನ್‌ಲೈನಲ್ಲಿ ಇಂಥವು ಬೇರೆ ಬೇರೆ ಹೆಸರಲ್ಲಿ ರಾಶಿ ಬಿದ್ದಿವೆ, ನೋಡೋಕೆ ಎಲ್ಲಾ ಒಂದೇ ಥರ, ಅದಕ್ಕೆ ಬ್ರ್ಯಾಂಡ್ ಹೆಸರು ಬರೀತಿಲ್ಲ. ನಂದರಲ್ಲಿ ಮೂರು ಮೋಡ್ ಇದೆ, ಒಂದು ಕರೆಂಟ್ ವೈರಿನ ಎಲೆಕ್ಟ್ರಿಕ್ ಫೀಲ್ಡಿಗೆ, ಒಂದು ಮ್ಯಾಗ್ನೆಟಿಕ್ ಫೀಲ್ಡಿಗೆ, ಇನ್ನೊಂದು ಆರ್‌ಎಫ್, ಅಂದ್ರೆ ಮೊಬೈಲು ವೈಫೈ ರೇಡಿಯೋ ಅಲೆಗಳಿಗೆ. ಮೋಡ್ ಬಟನ್ ಒಂದೇ, ಒತ್ತುತ್ತಾ ಹೋಗ್ಬೇಕು, ಈಗ ಯಾವ ಮೋಡಲ್ಲಿ ಇದ್ದೀವಿ ಅನ್ನೋದು ಸ್ಕ್ರೀನ್ ಮೂಲೇಲಿ ಸಣ್ಣ ಅಕ್ಷರದಲ್ಲಿ ಬರುತ್ತೆ, ಕನ್ನಡಕ ಇಲ್ದಿದ್ರೆ ಕಾಣಲ್ಲ. ಬಿಲ್ಡ್ ಪರವಾಗಿಲ್ಲ. ಬ್ಯಾಟರಿ ಚೆನ್ನಾಗಿ ಬರುತ್ತೆ. ಬೀಪ್ ಸೌಂಡ್ ಆಫ್ ಮಾಡೋ ಆಪ್ಷನ್ ಇದೆ, ತಗೊಂಡ ತಕ್ಷಣ ಮಾಡೋ ಮೊದಲ ಕೆಲಸ ಅದೇ ಆಗಿರ್ಲಿ.

ಇದನ್ನ ಯಾರು ತಗೋತಾರೆ ಅಂತ ಎಲ್ರಿಗೂ ಗೊತ್ತು. ಎದುರು ಬಿಲ್ಡಿಂಗ್ ಟೆರೇಸ್ ಮೇಲೆ ಟವರ್ ಬರುತ್ತೆ, ರೆಸಿಡೆಂಟ್ಸ್ ಗ್ರೂಪಲ್ಲಿ ಗುಬ್ಬಚ್ಚಿ ಸತ್ತ ಫೋಟೋ, ಕ್ಯಾನ್ಸರ್ ಫಾರ್ವರ್ಡು ಶುರು ಆಗುತ್ತೆ, ಯಾರೋ ಒಬ್ರು ತಲೆನೋವು ಅಂತಾರೆ, ಆಮೇಲೆ ಎಲ್ರಿಗೂ ತಲೆನೋವು. ನಮ್ಮಲ್ಲೂ ಹಂಗೇ ಆಯ್ತು, ಮೀಟಿಂಗಲ್ಲಿ ಕೂಗಾಡೋದಕ್ಕಿಂತ ಅಳೆದು ನೋಡೋಣ ಅಂತ ತರಿಸಿದ್ದು.

ಮೊದಲು ಆ ಕೆಂಪು ಲೈಟ್ ವಿಷಯ. ನನ್ನ ಪೀಸಲ್ಲಿ ಆರ್‌ಎಫ್ ಮೋಡಲ್ಲಿ ಒಂದೆರಡು ವೋಲ್ಟ್ ಪರ್ ಮೀಟರ್ ಬಂದ್ರೆ ಸಾಕು ಕೆಂಪಗಾಗುತ್ತೆ, ಮ್ಯಾಗ್ನೆಟಿಕ್ ಮೋಡಲ್ಲಿ 0.4 ಮೈಕ್ರೋಟೆಸ್ಲಾ ದಾಟಿದ್ರೆ ಕೆಂಪು. ನೋಡಿದವರಿಗೆ ಅಪಾಯ ಅಂತಾನೇ ಅನ್ಸುತ್ತೆ, ಮ್ಯಾನ್ಯುವಲಲ್ಲೂ ಹಂಗೇ ಬರ್ದಿದ್ದಾರೆ. ಈ ಗಡಿ ಯಾರು ಇಟ್ರು, ಯಾಕೆ ಇಟ್ರು ಅನ್ನೋದು ಮಾತ್ರ ಎಲ್ಲೂ ಇಲ್ಲ. ಜಗತ್ತಲ್ಲಿ ತುಂಬಾ ದೇಶಗಳು ನೋಡೋದು ಐಸಿಎನ್‌ಐಆರ್‌ಪಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಗೈಡ್‌ಲೈನ್, 1998ರಲ್ಲಿ ಬಂದಿದ್ದು, 2020ರಲ್ಲಿ ಪರಿಷ್ಕರಣೆ ಆಯ್ತು. ಅದರಲ್ಲಿ ಜನಸಾಮಾನ್ಯರಿಗೆ ವೈಫೈ ಇರೋ 2 ಗಿಗಾಹರ್ಟ್ಜ್ ಮೇಲಿನ ಅಲೆಗಳಿಗೆ ಮಿತಿ ಚದರ ಮೀಟರಿಗೆ 10 ವ್ಯಾಟ್, ಈ ಮೀಟರಿನ ಭಾಷೇಲಿ ಹೇಳೋದಾದ್ರೆ ಸುಮಾರು 61 ವೋಲ್ಟ್ ಪರ್ ಮೀಟರ್. 900 ಮೆಗಾಹರ್ಟ್ಜ್ ಮೊಬೈಲ್ ಬ್ಯಾಂಡಿಗೆ ಸುಮಾರು 41. ಈ ಮಿತೀನೂ ಅಂಚಿಗೆ ತಂದು ಇಟ್ಟಿದ್ದಲ್ಲ, ದೇಹ ಬಿಸಿಯಾಗಿ ಪರಿಣಾಮ ಶುರುವಾಗೋ ಮಟ್ಟಕ್ಕಿಂತ 50 ಪಟ್ಟು ಕೆಳಗೆ ಇಟ್ಟಿರೋದು. ಕೆಲವು ದೇಶಗಳು ಇನ್ನೂ ಬಿಗಿ ಮಾಡ್ಕೊಂಡಿವೆ, ಅದು ಅವರವರ ಸರ್ಕಾರದ ಎಚ್ಚರಿಕೆ. ಆದ್ರೆ ಒಂದೂವರೆ ವೋಲ್ಟಿಗೆ ಕೆಂಪು ಲೈಟು ಹತ್ತಿಸೋದು ಎಚ್ಚರಿಕೆ ಅಲ್ಲ, ವ್ಯಾಪಾರ.

0.4 ಮೈಕ್ರೋಟೆಸ್ಲಾ ಎಲ್ಲಿಂದ ಬಂತು ಅಂತ ಕೇಳಿದ್ರೆ ಅದಕ್ಕೆ ಒಂದು ಹಿನ್ನೆಲೆ ಇದೆ, ಪೂರ್ತಿ ಗಾಳೀಲಿ ಹುಟ್ಟಿದ್ದಲ್ಲ. ಮನೇಲಿ ಸರಾಸರಿ 0.3-0.4ಕ್ಕಿಂತ ಜಾಸ್ತಿ ಇರೋ ಕಡೆ ಬೆಳೆದ ಮಕ್ಕಳಲ್ಲಿ ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್, ಸ್ವಲ್ಪ ಜಾಸ್ತಿ ಕಂಡಿತ್ತು ಅಂತ ಕೆಲವು ಅಧ್ಯಯನಗಳನ್ನ ಒಟ್ಟು ಹಾಕಿದಾಗ ಸಿಕ್ತು, ಕಾರಣ ಇದೇ ಅಂತ ಇವತ್ತಿಗೂ ಸಾಬೀತಾಗಿಲ್ಲ, 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಕ್ಯಾನ್ಸರ್ ಸಂಸ್ಥೆ ಅದನ್ನ 'ಕ್ಯಾನ್ಸರಿಗೆ ಕಾರಣ ಇರಬಹುದು' ಅನ್ನೋ ಗುಂಪಿಗೆ ಹಾಕಿತು. ಅದು ವರ್ಷಾನುಗಟ್ಲೆ ಇಡೀ ದಿನದ ಸರಾಸರಿ ಮಾತು. ಮಿಕ್ಸಿ ಪಕ್ಕ ಒಂದು ನಿಮಿಷ ಮೀಟರ್ ಹಿಡಿದು ಅಯ್ಯೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಡಬ್ಲ್ಯುಎಚ್‌ಒ ಕೊಟ್ಟಿರೋ ಪಟ್ಟೀಲಿ ಹೇರ್ ಡ್ರೈಯರ್ ಹತ್ರ 3 ಸೆಂಟಿಮೀಟರಲ್ಲಿ 6ರಿಂದ 2000 ಮೈಕ್ರೋಟೆಸ್ಲಾ ತನಕ ಇರುತ್ತೆ, 30 ಸೆಂಟಿಮೀಟರ್ ದೂರ ಹೋದ್ರೆ 7ಕ್ಕಿಂತ ಮೇಲೆ ಹೋಗಲ್ಲ. ನನ್ನ ಮೀಟರೂ ಅದೇ ಹೇಳಿತು, ಫ್ರಿಜ್ಜಿನ ಹಿಂದೆ ಕೆಂಪು, ಎರಡು ಹೆಜ್ಜೆ ಹಿಂದೆ ಬಂದ್ರೆ ಹಸಿರು. ಈ ಮೋಡಿಗೆ ಇಷ್ಟು ಸಾಕು.

ಈಗ ಎಲ್ರೂ ಕಾಯ್ತಿರೋ ಟವರ್. ನಮ್ಮ ಬಾಲ್ಕನಿಯಿಂದ ಆ ಉದ್ದುದ್ದ ಬಿಳಿ ಪ್ಯಾನಲ್‌ಗಳು ನೇರ ಕಾಣುತ್ವೆ, ನಡುವೆ ರಸ್ತೆ ಅಷ್ಟೆ. ಅಲ್ಲಿ ಮೀಟರ್ ಹಿಡಿದ್ರೆ 0.8, 1.1, ಮತ್ತೆ 0.7, ಹೀಗೆ ಕುಣೀತಾ ಇರುತ್ತೆ. ರೂಮಿನ ಒಳಗೆ ಗೋಡೆ ಹಿಂದೆ ಬಂದ್ರೆ 0.2 ಆಸುಪಾಸು. ಗ್ರೂಪಲ್ಲಿ ಈ ನಂಬರ್ ಹಾಕಿದಾಗ ಒಬ್ರು ಲೆಕ್ಕ ಮಾಡಿ 41ರಲ್ಲಿ 1 ಅಂದ್ರೆ ಎರಡೂವರೆ ಪರ್ಸೆಂಟ್ ಬಂತಲ್ಲ ಅಂದ್ರು. ಅಲ್ಲಿ ಒಂದು ಸೂಕ್ಷ್ಮ ಇದೆ, ಮ್ಯಾನ್ಯುವಲಲ್ಲಿ ಬರೀದೇ ಬಿಟ್ಟಿದ್ದು: ವೋಲ್ಟ್ ಪರ್ ಮೀಟರ್ ಅನ್ನೋದು ಫೀಲ್ಡು, ದೇಹಕ್ಕೆ ತಟ್ಟೋದು ಪವರ್, ಪವರ್ ಬೇಕಂದ್ರೆ ಫೀಲ್ಡನ್ನ ಸ್ಕ್ವೇರ್ ಮಾಡ್ಬೇಕು. 41ರಲ್ಲಿ ಒಂದು ಪಾಲು ಫೀಲ್ಡ್ ಅಂದ್ರೆ ಪವರಲ್ಲಿ ಸುಮಾರು 1,700ರಲ್ಲಿ ಒಂದು ಪಾಲು. ಇದು ತಿಳಿದ ಮೇಲೂ ಅವರು ಎರಡೂವರೆ ಪರ್ಸೆಂಟ್ ಅಂತಾನೇ ಹೇಳ್ತಿದ್ದಾರೆ, ಬಿಡಿ.

ಇನ್ನೊಂದು ತಮಾಷೆ, ಟವರ್ ಇರೋ ಬಿಲ್ಡಿಂಗಿನ ಮೇಲಿನ ಫ್ಲೋರವರು ಎಲ್ರಿಗಿಂತ ಜಾಸ್ತಿ ಹೆದರಿದ್ರು, ನಮ್ಮ ತಲೆ ಮೇಲೇ ಇದೆ ಅಂತ. ಅವರ ಮನೇಲಿ ಅಳೆದಾಗ ನಮ್ಮ ಬಾಲ್ಕನಿಗಿಂತ ಕಮ್ಮಿ ಬಂತು. ಆ ಪ್ಯಾನಲ್ ಆಂಟೆನಾಗಳು ಕೆಳಗೆ ಸುರಿಯೋದಿಲ್ಲ, ಅಡ್ಡಡ್ಡ ಎದುರಿಗೆ ಕಳಿಸುತ್ವೆ, ಕೆಳಕ್ಕೆ ಬಾಗಿಸಿರೋದು ಕೆಲವೇ ಡಿಗ್ರಿ, ಮುಖ್ಯ ಕಿರಣ ನೆಲ ಮುಟ್ಟೋದು ಸಾಮಾನ್ಯವಾಗಿ ಎಷ್ಟೋ ಮೀಟರ್ ಆಚೆ. ಕಾಂಕ್ರೀಟ್ ಛಾವಣಿ ಬೇರೆ ಅಡ್ಡ ಇರುತ್ತೆ. ಆಂಟೆನಾದ ಮುಂದೇನೇ, ಒಂದೆರಡು ಮೀಟರಲ್ಲಿ ನಿಂತು ಕೆಲಸ ಮಾಡೋರ ಕಥೆ ಬೇರೆ, ಅಲ್ಲಿ ಮಿತಿ ದಾಟೋ ಸಾಧ್ಯತೆ ನಿಜವಾಗ್ಲೂ ಇದೆ, ಅದಕ್ಕೇ ಅಲ್ಲಿ ಬೇಲಿ, ಬೋರ್ಡು ಎಲ್ಲಾ ಹಾಕೋದು. ಟೆರೇಸಲ್ಲಿ ಬಟ್ಟೆ ಒಣಗಿಸೋಕೆ ಹೋಗಿ ಪ್ಯಾನಲ್ ಎದುರೇ ನಿಲ್ಲೋರು ಇದ್ರೆ ಅವರಿಗೆ ಹೇಳಿ, ಬೇಲಿ ಇಲ್ದಿದ್ರೆ ಆಪರೇಟರ್ ಹತ್ರ ಹಾಕಿಸಿ. ಇದು ಗಲಾಟೆ ಮಾಡೋಕೆ ಯೋಗ್ಯವಾದ ವಿಷಯ, ಆದ್ರೆ ಇದರ ಬಗ್ಗೆ ಯಾರೂ ಗಲಾಟೆ ಮಾಡಲ್ಲ.

ರೌಟರ್ ಪಕ್ಕ ಹಿಡಿದಾಗ ಕೆಂಪು, ಬೀಪು, ಎಲ್ಲಾ. ಒಂದು ಮೀಟರ್ ದೂರಕ್ಕೆ ಅರ್ಧಕ್ಕರ್ಧ ಇಳೀತು, ಸೋಫಾ ಹತ್ರ ಟವರಿನ ನಂಬರಿಗೇ ಬಂತು. ಲೆಕ್ಕಾನೂ ಹಂಗೇ ಇದೆ, ವೈಫೈ ರೌಟರ್ 0.1 ವ್ಯಾಟ್ ಎಲ್ಲಾ ದಿಕ್ಕಿಗೂ ಬಿಡುತ್ತೆ ಅಂದ್ಕೊಂಡ್ರೆ ಒಂದು ಮೀಟರಲ್ಲಿ ಚದರ ಮೀಟರಿಗೆ 8 ಮಿಲಿವ್ಯಾಟ್, ಮಿತಿ 10,000 ಮಿಲಿವ್ಯಾಟ್. ದೂರ ಎರಡು ಪಟ್ಟಾದ್ರೆ ಇದು ಕಾಲು ಭಾಗ ಆಗುತ್ತೆ. ಇನ್ನೊಂದು, ಯಾರೂ ನೆಟ್ ಬಳಸ್ದೇ ಇದ್ದಾಗ ರೌಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ನಾನಿಲ್ಲಿದ್ದೀನಿ ಅಂತ ಚಿಕ್ಕ ಸಿಗ್ನಲ್ ಬಿಟ್ಟು ಸುಮ್ನಾಗುತ್ತೆ, ಈ ಮೀಟರ್ ಮಾತ್ರ ಆ ಕ್ಷಣದ ಎತ್ತರಾನೇ ಹಿಡ್ಕೊಂಡು ತೋರಿಸುತ್ತೆ, ನಡುವಿನ ಖಾಲಿ ಹೊತ್ತು ಲೆಕ್ಕಕ್ಕೇ ಬರಲ್ಲ. ಐಸಿಎನ್‌ಐಆರ್‌ಪಿ ಮಿತಿ ಇರೋದು ಸರಾಸರಿಗೆ, ಇಡೀ ದೇಹಕ್ಕೆ 30 ನಿಮಿಷದ ಸರಾಸರಿ, ದೇಹದ ಒಂದು ಭಾಗಕ್ಕೆ 6 ನಿಮಿಷದ್ದು. ಪೀಕ್ ನಂಬರನ್ನ ಸರಾಸರಿ ಮಿತಿ ಪಕ್ಕ ಇಟ್ಟು ನೋಡಿದ್ರೆ ಯಾವಾಗ್ಲೂ ಇರೋದಕ್ಕಿಂತ ಕೆಟ್ಟದಾಗೇ ಕಾಣುತ್ತೆ.

ಈ ಮೀಟರಿಗೆ ಕೊಟ್ಟ ಮೂರು ಸ್ಟಾರಲ್ಲಿ ಎರಡು ಬಂದಿದ್ದು ಫೋನ್ ಟೆಸ್ಟಿಂದ. ಇದನ್ನ ನೀವೂ ಮಾಡಿ ನೋಡಿ. ಫೋನಲ್ಲಿ ವೈಫೈ ಆಫ್ ಮಾಡಿ, ಸಿಗ್ನಲ್ ಫುಲ್ ಇರೋ ಕಿಟಕಿ ಹತ್ರ ಕಾಲ್ ಮಾಡಿ, ಫೋನಿಂದ ಒಂದು ಗೇಣು ದೂರದಲ್ಲಿ ಮೀಟರ್ ಇಟ್ಕೊಳ್ಳಿ. ಆಮೇಲೆ ಬೇಸ್‌ಮೆಂಟ್ ಪಾರ್ಕಿಂಗಿಗೆ ಹೋಗಿ, ಒಂದೇ ಕಡ್ಡಿ ಸಿಗ್ನಲ್ ಇರೋ ಜಾಗದಲ್ಲಿ ಅದೇ ಕಾಲ್ ಮಾಡಿ. ನನಗೆ ಕಿಟಕಿ ಹತ್ರ ಮೀಟರ್ ಅಲ್ಲಾಡಿದ್ದೇ ಕಮ್ಮಿ, ಪಾರ್ಕಿಂಗಲ್ಲಿ ಹತ್ತು ದಾಟಿ ಚಿಮ್ಮಿತು. ಕಿವಿ ಮಂದ ಇರೋರ ಹತ್ರ ನಾವು ಗಂಟಲು ಹರ್ಕೊಂಡು ಮಾತಾಡ್ತೀವಲ್ಲ, ಟವರಿಗೆ ಸರಿಯಾಗಿ ಕೇಳಿಸ್ದೇ ಇದ್ರೆ ಫೋನೂ ಅದನ್ನೇ ಮಾಡುತ್ತೆ. 4ಜಿ ಫೋನು ಗರಿಷ್ಠ 0.2 ವ್ಯಾಟ್ ತನಕ ಬಿಡಬಹುದು, ಸಿಗ್ನಲ್ ಚೆನ್ನಾಗಿದ್ರೆ ಅದರ ಸಾವಿರ ಪಟ್ಟು ಕಮ್ಮೀಲೂ ಕೆಲಸ ಮುಗಿಸುತ್ತೆ. ಟವರ್ ಇರೋದು ರಸ್ತೆ ಆಚೆ, ಫೋನ್ ಇರೋದು ಕಿವಿಗೆ ಅಂಟ್ಕೊಂಡು. ಹಂಗಾಗಿ ಟವರ್ ತೆಗೆಸಿದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ, ಬಿಲ್ಡಿಂಗಲ್ಲಿರೋ ಪ್ರತಿಯೊಬ್ರ ಫೋನೂ ಅವರವರ ತಲೆ ಪಕ್ಕ ಜೋರು ಮಾಡ್ಕೊಳ್ಳುತ್ತೆ. ಮೀಟಿಂಗಲ್ಲಿ ಇದನ್ನ ಹೇಳಿದ್ರೆ ಟವರ್ ಕಂಪನಿ ಏಜೆಂಟಾ ನೀವು ಅಂತ ಕೇಳ್ತಾರೆ, ಅದಕ್ಕೆ ನಾನು ಹೇಳೋದು ಬಿಟ್ಟು ಪಾರ್ಕಿಂಗಿಗೆ ಕರ್ಕೊಂಡು ಹೋಗಿ ಮೀಟರ್ ಕೈಗೆ ಕೊಟ್ಬಿಡ್ತಿದ್ದೆ.

ಫೋನಿನ ಹತ್ರ ಬರೋ ನಂಬರನ್ನ 61ರ ಜೊತೆ ಹೋಲಿಸಿ ಹೆದರೋದೂ ಬೇಡ, ನಿರಾಳ ಆಗೋದೂ ಬೇಡ. ಅಷ್ಟು ಹತ್ರ ಈ ಥರ ಮೀಟರ್ ಅಳತೆಗೆ ಅರ್ಥ ಇರಲ್ಲ, ಫೋನಿಗೆ ಬೇರೆ ಅಳತೆ ಇದೆ, ಎಸ್‌ಎಆರ್ ಅಂತ, ಒಂದು ಕೆಜಿ ದೇಹಕ್ಕೆ ಎಷ್ಟು ವ್ಯಾಟ್ ಹೀರ್ಕೊಳ್ಳುತ್ತೆ ಅನ್ನೋದು. ಅಮೆರಿಕದಲ್ಲಿ ಮಿತಿ 1 ಗ್ರಾಂ ಅಂಗಾಂಶದ ಸರಾಸರಿಗೆ 1.6, ಯುರೋಪಲ್ಲಿ 10 ಗ್ರಾಂ ಸರಾಸರಿಗೆ 2. ನಿಮ್ಮ ಫೋನಿಂದು ಎಷ್ಟು ಅಂತ ಸೆಟ್ಟಿಂಗ್ಸ್ ಒಳಗೋ ಡಬ್ಬಿ ಮೇಲೋ ಸಿಗುತ್ತೆ, ಮೀಟರ್ ಬೇಡ ಅದಕ್ಕೆ. ಇಯರ್‌ಫೋನ್ ಹಾಕ್ಕೊಂಡ್ರೆ ಅಥವಾ ಸ್ಪೀಕರಲ್ಲಿ ಮಾತಾಡಿದ್ರೆ ತಲೆ ಮಟ್ಟಿಗೆ ಅರ್ಧ ತಲೆಬಿಸಿ ಅಲ್ಲೇ ಮುಗೀತು.

ಮೀಟರಿನ ಇತಿಮಿತಿ ಇನ್ನೊಂದೆರಡು ಇವೆ. ನಂದು 3.5 ಗಿಗಾಹರ್ಟ್ಜ್ ತನಕ ಅಂತ ಬರ್ದಿದೆ. 5ಜಿ ಜಾಸ್ತಿ ಓಡೋದು 3.3ರಿಂದ 3.8ರ ನಡುವೆ, ಅಂದ್ರೆ ಮೀಟರ್ ಕೈ ಬಿಡೋ ಜಾಗದಲ್ಲೇ. 5 ಗಿಗಾಹರ್ಟ್ಜ್ ವೈಫೈ, 26-28 ಗಿಗಾಹರ್ಟ್ಜ್ 5ಜಿ ಇವಂತೂ ಲೆಕ್ಕಕ್ಕೇ ಇಲ್ಲ. ಹಂಗಿದ್ದೂ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ '5ಜಿ ಡಿಟೆಕ್ಟರ್'. ಎಲೆಕ್ಟ್ರಿಕ್ ಫೀಲ್ಡ್ ಮೋಡಲ್ಲಿ ಕೈ ಜೋರಾಗಿ ಬೀಸಿದ್ರೆ ನಂಬರ್ ಏರುತ್ತೆ, ಕಾರ್ಪೆಟ್ ಮೇಲೆ ನಡೆದು ಬಂದು ಹಿಡಿದ್ರೆ ಏರುತ್ತೆ, ಮೀಟರನ್ನ ಯಾರು ಹಿಡ್ದಿದ್ದಾರೆ ಅನ್ನೋದರ ಮೇಲೂ ಬದಲಾಗುತ್ತೆ. ಯೂಟ್ಯೂಬಲ್ಲಿ ದೆವ್ವ ಹುಡುಕೋರು ಇದೇ ಮೀಟರ್ ಹಿಡ್ಕೊಂಡು ಕತ್ತಲೇಲಿ ಓಡಾಡೋದು ಯಾಕೆ ಅಂತ ನನಗೆ ಆಗ ಗೊತ್ತಾಯ್ತು.

ಸರಿ, ಸ್ಟಿಕ್ಕರ್. ಬಂಗಾರದ ಬಣ್ಣದ ಚಿಕ್ಕ ಬಿಲ್ಲೆ, ಫೋನ್ ಹಿಂದೆ ಅಂಟಿಸಿದ್ರೆ ರೇಡಿಯೇಷನ್ 99 ಪರ್ಸೆಂಟ್ ಕಮ್ಮಿ ಆಗುತ್ತಂತೆ. ಅದೇ ಡಬ್ಬೀಲಿ ಬಂದ ಮೀಟರಲ್ಲೇ ಅಳೆದೆ, ಅಂಟಿಸೋ ಮುಂಚೆ, ಅಂಟಿಸಿದ ಮೇಲೆ, ವ್ಯತ್ಯಾಸ ಏನೂ ಇಲ್ಲ. ಒಂದೇ ಡಬ್ಬಿ ಒಳಗೆ ಸುಳ್ಳೂ ಇಟ್ಟು ಸುಳ್ಳು ಹಿಡಿಯೋ ಯಂತ್ರಾನೂ ಇಟ್ಟಿದ್ದಾರೆ, ಅವರ ಧೈರ್ಯಕ್ಕೆ ಮೆಚ್ಚಬೇಕು. ಅಮೆರಿಕದ ಗ್ರಾಹಕ ರಕ್ಷಣೆ ಸಂಸ್ಥೆ ಎಫ್‌ಟಿಸಿ ಇಂಥ ಶೀಲ್ಡ್‌ಗಳ ಬಗ್ಗೆ ಬಹಳ ಹಿಂದೇನೇ ಎಚ್ಚರಿಕೆ ಕೊಟ್ಟಿದೆ, ಇವು ಸಿಗ್ನಲಿಗೆ ಅಡ್ಡ ಬಂದ್ರೆ ಫೋನ್ ಇನ್ನೂ ಜಾಸ್ತಿ ಪವರ್ ಎಳ್ಕೊಳ್ಳಬಹುದು ಅಂತ. ಪಾರ್ಕಿಂಗ್ ಟೆಸ್ಟ್ ಮಾಡಿದವರಿಗೆ ಅದು ವಿವರಿಸಿ ಹೇಳೋದು ಬೇಡ. ಇದಕ್ಕಿಂತ ಘೋರ ಆಗಿದ್ದು ನೆದರ್‌ಲ್ಯಾಂಡ್ಸಲ್ಲಿ, 2021ರ ಡಿಸೆಂಬರಲ್ಲಿ ಅಲ್ಲಿನ ವಿಕಿರಣ ಸುರಕ್ಷತಾ ಸಂಸ್ಥೆ 5ಜಿಯಿಂದ ಕಾಪಾಡುತ್ತೆ ಅಂತ ಮಾರ್ತಿದ್ದ ಹತ್ತು ಸಾಮಾನು ಪರೀಕ್ಷೆ ಮಾಡಿತು, ಕೊರಳಿಗೆ ಹಾಕೋ ಲಾಕೆಟ್, ಮಕ್ಕಳ ಬ್ರೇಸ್‌ಲೆಟ್, ಮಲಗುವಾಗ ಹಾಕ್ಕೊಳ್ಳೋ ಕಣ್ಪಟ್ಟಿ, ಎಲ್ಲಾ ವಿಕಿರಣಶೀಲ! ಅಂದ್ರೆ ಡಿಎನ್‌ಎ ಮುರಿಯೋ ಶಕ್ತಿ ಇಲ್ಲದ ಅಲೆಗೆ ಹೆದರಿ, ಆ ಶಕ್ತಿ ನಿಜವಾಗ್ಲೂ ಇರೋ ವಿಕಿರಣಾನ ದಿನವಿಡೀ ಮೈಗೆ ಅಂಟಿಸ್ಕೊಂಡು ಓಡಾಡ್ತಿದ್ರು ಜನ. ಅದಕ್ಕೂ ಹಿಂದಿನ ವರ್ಷ ಬ್ರಿಟನ್ನಲ್ಲಿ 5ಜಿ ತಡೆಯೋ ಯುಎಸ್‌ಬಿ ಅಂತ ದುಬಾರಿ ಕಡ್ಡಿ ಒಂದು ಬಂದಿತ್ತು, ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು 128 ಎಂಬಿ ಪೆನ್‌ಡ್ರೈವ್, ಮೇಲೊಂದು ಸ್ಟಿಕ್ಕರ್. ಅದರಲ್ಲಿ ಒಂದು ಸಿನಿಮಾನೂ ಹಿಡಿಸಲ್ಲ.

ರೌಟರಿಗೆ ಹಾಕೋ ಜಾಲರಿ ಡಬ್ಬಿ ಬಗ್ಗೇನೂ ಕೆಲವರು ಮೆಸೇಜ್ ಮಾಡಿ ಕೇಳಿದ್ರು. ಅದು ಪೂರ್ತಿ ಕೆಲಸ ಮಾಡಿದ್ರೆ ನಿಮ್ಮ ವೈಫೈ ಬರಲ್ಲ, ವೈಫೈ ಬರ್ತಿದ್ರೆ ಅದು ಕೆಲಸ ಮಾಡ್ತಿಲ್ಲ. ಮುಂದೆ.

ಕ್ಯಾನ್ಸರ್ ಮಾತು ಎತ್ತದೇ ಈ ರಿವ್ಯೂ ಮುಗಿಯಲ್ಲ, ಮ್ಯಾನ್ಯುವಲಲ್ಲೇ ಎತ್ತಿದ್ದಾರಲ್ಲ. ಹೌದು, 2011ರಲ್ಲಿ ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ ಐಎಆರ್‌ಸಿ ಈ ರೇಡಿಯೋ ಅಲೆಗಳನ್ನ 2ಬಿ ಗುಂಪಿಗೆ ಸೇರಿಸಿತು, ಕಾರಣ ಆಗಿರಬಹುದು, ಪುರಾವೆ ಸಾಲದು ಅನ್ನೋ ಗುಂಪು ಅದು. ಅಲೋವೆರಾ ಇಡೀ ಎಲೆಯ ಸಾರಾನೂ ಅದೇ ಗುಂಪಲ್ಲಿದೆ. ಮಾರೋರು ಅಲ್ಲಿಗೆ ನಿಲ್ಲಿಸಿಬಿಡ್ತಾರೆ, ಆಮೇಲಿಂದು ಹೇಳಲ್ಲ. 2024ರಲ್ಲಿ ಡಬ್ಲ್ಯುಎಚ್‌ಒ ಮಾಡಿಸಿದ ದೊಡ್ಡ ವಿಮರ್ಶೇಲಿ 63 ಅಧ್ಯಯನ ನೋಡಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣ್ಲಿಲ್ಲ ಅಂದ್ರು, ಹತ್ತು ವರ್ಷಕ್ಕಿಂತ ಜಾಸ್ತಿ ಬಳಸಿದವರಲ್ಲೂ. ಇನ್ನೊಂದು ಕಡೆ 2018ರ ಅಮೆರಿಕದ ಸರ್ಕಾರಿ ವಿಷಪರೀಕ್ಷೆ ಕಾರ್ಯಕ್ರಮ ಎನ್‌ಟಿಪಿಯ ಅಧ್ಯಯನ ಇದೆ, ಇಲಿಗಳಿಗೆ ಇಡೀ ಮೈಗೆ ಈ ಅಲೆಗಳನ್ನ ದಿನಕ್ಕೆ 9 ಗಂಟೆ ಎರಡು ವರ್ಷ ಕೊಟ್ಟು ನೋಡಿದಾಗ ಗಂಡು ಇಲಿಗಳ ಹೃದಯದಲ್ಲಿ ಒಂದು ಥರದ ಗೆಡ್ಡೆ ಸಿಕ್ತು. ಇದನ್ನ ಮುಚ್ಚಿಡೋದು ಬೇಡ. ಹಂಗೇ ಅದೇ ಅಧ್ಯಯನದಲ್ಲಿ ಅಲೆ ತಗೊಂಡ ಗಂಡು ಇಲಿಗಳು ತಗೊಳ್ದೇ ಇದ್ದವಕ್ಕಿಂತ ಜಾಸ್ತಿ ದಿನ ಬದುಕಿದ್ವು ಅನ್ನೋದನ್ನೂ ಹೇಳ್ಬೇಕು, ಫಾರ್ವರ್ಡ್ ಮಾಡೋರು ಹೇಳಲ್ಲ. ಭೌತಶಾಸ್ತ್ರದ ಮಟ್ಟಿಗೆ ನೋಡಿದ್ರೆ ವೈಫೈ ಅಲೆಯ ಒಂದು ಫೋಟಾನಿನ (ಅಲೆಯ ಶಕ್ತಿ ಬರೋ ಅತಿ ಚಿಕ್ಕ ತುಣುಕು) ಶಕ್ತಿ, ಅಣುವಿಂದ ಎಲೆಕ್ಟ್ರಾನ್ ಕಿತ್ತುಹಾಕೋಕೆ ಬೇಕಾದ್ದಕ್ಕಿಂತ ಹತ್ತು ಲಕ್ಷ ಪಟ್ಟು ಹತ್ರಹತ್ರ ಕಮ್ಮಿ. ಎಕ್ಸ್‌ರೇ ಜೊತೆ ಇದನ್ನ ಒಂದೇ 'ರೇಡಿಯೇಷನ್' ಅಂತ ಸೇರಿಸಿ ಹೆದರಿಸೋದು ನಿಲ್ಬೇಕು.

ಆದ್ರೆ ತಲೆನೋವು, ನಿದ್ದೆ ಬರಲ್ಲ, ಎದೆ ಹೊಡ್ಕೊಳ್ಳುತ್ತೆ ಅನ್ನೋರನ್ನ ನಾಟಕ ಅಂತ ಆಡ್ಕೊಳ್ಳೋದು ನನಗೆ ಇಷ್ಟ ಆಗಲ್ಲ. ನೋವು ನಿಜವೇ. ಕಾರಣ ಅಲೇನಾ ಅನ್ನೋದು ಬೇರೆ ಪ್ರಶ್ನೆ, ಅದನ್ನ ಪರೀಕ್ಷೆ ಮಾಡಿದ್ದಾರೆ, ನಮಗೆ ವೈಫೈ ತಟ್ಟುತ್ತೆ ಅನ್ನೋರನ್ನೇ ಕೂರಿಸಿ, ಅಲೆ ಆನ್ ಇದ್ಯಾ ಆಫ್ ಇದ್ಯಾ ಅಂತ ಅವರಿಗೂ ಗೊತ್ತಿಲ್ಲ, ಟೆಸ್ಟ್ ಮಾಡೋರಿಗೂ ಗೊತ್ತಿಲ್ಲ. 2010ರ ಹೊತ್ತಿಗೆ ಅಂಥ 46 ಪ್ರಯೋಗ, 1,175 ಜನ. ಅಲೆ ಇದ್ಯೋ ಇಲ್ವೋ ಅಂತ ಅವರಿಗೆ ಗುರುತಿಸೋಕೆ ಆಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗ್ಲಿಲ್ಲ, ಆನ್ ಇದೆ ಅಂತ ಸುಮ್ನೆ ನಂಬಿಸಿದಾಗ್ಲೂ ತೊಂದರೆ ಶುರುವಾಗ್ತಿತ್ತು. 2013ರಲ್ಲಿ ಇನ್ನೊಂದು ಪ್ರಯೋಗ ಬಂತು, ವೈಫೈ ಅಪಾಯದ ಬಗ್ಗೆ ಟಿವಿ ಕಾರ್ಯಕ್ರಮ ತೋರಿಸಿ ಆಮೇಲೆ ಸುಳ್ಳು ವೈಫೈ 'ಆನ್' ಮಾಡಿದ್ರು, ಕಾರ್ಯಕ್ರಮ ನೋಡಿ ಮೊದಲೇ ಆತಂಕ ಇದ್ದವರಿಗೆ ಲಕ್ಷಣ ಜಾಸ್ತಿ ಆಯ್ತು.

ಇಲ್ಲೇ ನನಗೆ ಈ ಮೀಟರ್ ಮೇಲೆ ಸಿಟ್ಟು ಬರೋದು. ಕೆಳಗಿನ ಫ್ಲೋರಿನ ಆಂಟಿ ಒಬ್ರು ಇದನ್ನ ಕೆಲವು ದಿನ ಇಸ್ಕೊಂಡು ಹೋಗಿದ್ರು. ವಾಪಸ್ ಕೊಡುವಾಗ "ನೋಡಪ್ಪ, ಮಂಚದ ಪಕ್ಕ ಇಟ್ಕೊಂಡಿದ್ದೆ, ರಾತ್ರಿಯೆಲ್ಲಾ ಆಗಾಗ ಕೆಂಪಗಾಗ್ತಿತ್ತು, ಇದು ಬಂದ ಮೇಲೆ ಒಂದು ದಿನಾನೂ ನಿದ್ದೆ ಮಾಡಿಲ್ಲ" ಅಂದ್ರು. "ಆಂಟಿ, ಮೀಟರ್ ಪಕ್ಕ ಏನಿತ್ತು?" ಅಂದೆ. "ಮೊಬೈಲು, ಅಲಾರಂಗೆ ಬೇಕಲ್ಲ." ಮೊಬೈಲ್ ಆಗಾಗ ನೆಟ್‌ವರ್ಕ್ ಜೊತೆ ಮಾತಾಡಿದಾಗೆಲ್ಲಾ ಲೈಟ್ ಹತ್ತಿದೆ, ಅವರು ಎದ್ದು ಕೂತು ಟವರಿಗೆ ಬೈದಿದ್ದಾರೆ. ಹೆದರಿಕೇನ ಮಂಚದ ಪಕ್ಕ ಮಿಣುಕಿಸೋ ಸಾಮಾನನ್ನ ಆರೋಗ್ಯದ ಹೆಸರಲ್ಲಿ ಮಾರ್ತಿದ್ದಾರೆ.

ಅವರ ಬೆಡ್‌ರೂಮ್ ಇರೋದು ಮೇನ್ ರೋಡ್ ಕಡೆ. ಕುತೂಹಲಕ್ಕೆ ಅಲ್ಲೇ ಫೋನಲ್ಲಿ ಡೆಸಿಬಲ್ ಆ್ಯಪ್ ಹಾಕಿ ನೋಡಿದೆ, ಕಿಟಕಿ ಹತ್ರ ರಾತ್ರಿ ಹೊತ್ತೂ 60ರ ಮೇಲೇನೇ ಓಡ್ತಿತ್ತು. ಆ್ಯಪ್ ನಿಖರ ಅಲ್ಲ ಒಪ್ತೀನಿ. ಆದ್ರೆ ಡಬ್ಲ್ಯುಎಚ್‌ಒ ಯುರೋಪ್ 2018ರಲ್ಲಿ ರಸ್ತೆ ಸದ್ದು ರಾತ್ರಿ ಮನೆ ಹೊರಗೆ ಸರಾಸರಿ 45 ಡೆಸಿಬಲ್ ದಾಟ್ಬಾರ್ದು ಅಂತ ಹೇಳಿರೋದು ನಿದ್ದೆ ಕೆಡುತ್ತೆ ಅನ್ನೋ ಪುರಾವೆ ಮೇಲೇನೇ. ಆರ್‌ಎಫ್ ಮೀಟರ್ ಪ್ರಕಾರ ಆ ರೂಮು ಮಿತಿಯ ಸಾವಿರದಲ್ಲೊಂದು ಪಾಲೂ ಇಲ್ಲ, ಸದ್ದಿನ ಪ್ರಕಾರ ಮಿತಿ ಎಲ್ಲೋ ಹಿಂದೆ ಉಳೀತು. ಸಿಟೀಲಿ ಇರೋರ ನಿದ್ದೆ ತಿನ್ನೋದು ಹಾರ್ನು, ಕಿಟಕಿಗೆ ಹೊಡೆಯೋ ಬೀದಿ ಲೈಟು, ಮತ್ತೆ ಮಧ್ಯರಾತ್ರಿ ತನಕ ಸ್ಕ್ರೋಲ್ ಮಾಡೋ ಅದೇ ಫೋನು. ಇದಕ್ಕೆಲ್ಲಾ ಕೆಂಪು ಲೈಟಿನ ಮೆಷಿನ್ ಯಾರೂ ಮಾರಲ್ಲ, ರೆಸಿಡೆಂಟ್ಸ್ ಮೀಟಿಂಗೂ ಕರೆಯಲ್ಲ. ಆಂಟಿ ಮಂಚದ ಜಾಗ ಬದಲಾಯಿಸಿ, ಬೇರೆ ಅಲಾರಂ ತಗೊಂಡ್ರು. ಈಗ ಪರವಾಗಿಲ್ಲ ಅಂತಾರೆ, ಟವರ್ ಮೇಲಿನ ಸಿಟ್ಟು ಮಾತ್ರ ಹಂಗೇ ಇದೆ.

ತಗೋಬೇಕಾ? ಗ್ಯಾಜೆಟ್ ಹುಚ್ಚು ಇರೋರು, ಮಕ್ಕಳಿಗೆ ದೂರ ಜಾಸ್ತಿ ಆದ್ರೆ ಅಲೆ ಹೆಂಗೆ ಸೊರಗುತ್ತೆ ಅಂತ ತೋರಿಸೋ ಟೀಚರ್‌ಗಳು, ಬಿಲ್ಡಿಂಗಿಗೆ ಒಂದು ಅಂತ ಎಲ್ರೂ ಸೇರಿ ತಗೊಳ್ಳೋರು, ಆರಾಮಾಗಿ ತಗೊಳ್ಳಿ. ಈಗಾಗ್ಲೇ ಆತಂಕದಲ್ಲಿ ಒದ್ದಾಡ್ತಿರೋರಿಗೆ ಗಿಫ್ಟ್ ಕೊಡ್ಬೇಡಿ ದಯವಿಟ್ಟು. ಟವರ್ ಮಿತಿ ದಾಟಿದ್ಯಾ ಅನ್ನೋ ತಕರಾರು ನಿಜವಾಗ್ಲೂ ಇದ್ರೆ ಈ ಮೀಟರಿನ ಫೋಟೋ ಯಾವ ಕಚೇರೀಲೂ ನಡೆಯಲ್ಲ, ಅದಕ್ಕೆ ಮೂರು ದಿಕ್ಕಿಂದಲೂ ಅಳೆಯೋ, ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇರೋ ಉಪಕರಣ ಬೇಕು, ನಿಮ್ಮ ಊರಿನ ಟೆಲಿಕಾಂ ನಿಯಂತ್ರಕರ ಹತ್ರ ಅಳತೆ ಕೇಳಿ ಅರ್ಜಿ ಹಾಕಿ. ತಗೊಳ್ಳೋದೇ ಆದ್ರೆ ಫ್ರೀಕ್ವೆನ್ಸಿ 6 ಗಿಗಾಹರ್ಟ್ಜ್ ತನಕ ಇದ್ಯಾ, ಪೀಕ್ ಜೊತೆ ಸರಾಸರಿ ತೋರಿಸೋ ಬಟನ್ ಇದ್ಯಾ ಅಂತ ನೋಡ್ಕೊಂಡು ತಗೊಳ್ಳಿ, ಇವೆರಡೂ ಇಲ್ದಿದ್ರೆ ರಿಟರ್ನ್ ಮಾಡಿ. ರಿಟರ್ನ್ ಮಾಡುವಾಗ ಸ್ಟಿಕ್ಕರೂ ಡಬ್ಬೀಲಿ ಇರ್ಬೇಕಂತೆ, ಅದಿಲ್ಲ ಅಂತ ಒಂದು ಸಲ ವಾಪಸ್ ಕಳಿಸಿದ್ರು, ಬಿಸಾಕ್ಬೇಡಿ.